ಮಂಗಳೂರು ಕಂಕನಾಡಿಯ ಸ್ಪೀಚ್ ಥೆರಪಿ ಕ್ಲಿನಿಕ್: ಐದು ತಿಂಗಳು ಹೋಗಿ ಬಂದವನ ಅನುಭವ

ನಾನು ಉಡುಪಿ ಕಡೆಯ ಒಂದು ಹಾಲು ಉತ್ಪಾದಕರ ಸಂಘದ ಅಧ್ಯಕ್ಷ. ಪ್ರಾಯ 52. ಚಿಕ್ಕಂದಿನಿಂದ ಉಗ್ಗು. ‘ಬ’, ‘ಪ’ ಬಂದರೆ ತುಟಿ ಅಂಟಿಕೊಂಡೇ ಬಿಡುತ್ತದೆ. ಹೋಟೆಲಿನಲ್ಲಿ ಬನ್ಸ್ ಆಸೆಯಾದರೂ ಇಡ್ಲಿ ಹೇಳಿ ತಿಂದು ಬಂದವ. ಅದು ನನ್ನ ಹೊಟ್ಟೆಯ ವಿಷಯ, ಬಿಡಿ. ಹೋದ ವರ್ಷದ ಮಹಾಸಭೆಯಲ್ಲಿ ‘ಬೋನಸ್’ ಬಾಯಿಗೆ ಬಾರದೆ ‘ಲಾಭಾಂಶ’ ಎಂದುಬಿಟ್ಟೆ. ಬೋನಸ್ ಕೊಡುವುದು ಹಾಕಿದ ಹಾಲಿನ ಲೆಕ್ಕಕ್ಕೆ, ಲಾಭಾಂಶ ಷೇರಿಗೆ. ಅರ್ಧ ಗಂಟೆ ಗಲಾಟೆಯೋ ಗಲಾಟೆ.

ಏಪ್ರಿಲ್‌ನಲ್ಲಿ ಮನಸ್ಸು ಗಟ್ಟಿಮಾಡಿ ಎಕ್ಸ್‌ಪ್ರೆಸ್ ಬಸ್ ಹತ್ತಿದೆ. ವಾರಕ್ಕೊಮ್ಮೆ, 45 ನಿಮಿಷಕ್ಕೆ 600 ರೂಪಾಯಿ. ಥೆರಪಿಸ್ಟ್ ನನ್ನ ಮಗಳ ಪ್ರಾಯದವರು. ಮೊದಲ ದಿನ ಉಗ್ಗಿನ ಸುದ್ದಿಯೇ ಎತ್ತಲಿಲ್ಲ, ಮನೆಯಲ್ಲಿ ದನ ಎಷ್ಟು ಅಂತ ತುಳುವಿನಲ್ಲಿ ಕೇಳಿದರು. ತುಳುವಿನಲ್ಲಿ ನನಗೆ ತಡೆ ಕಡಿಮೆ, ಕನ್ನಡದಲ್ಲಿ ಮೈಕ್ ಹಿಡಿದರೆ ಜಾಸ್ತಿ. ಅದನ್ನು ಬರೆದುಕೊಂಡರು. ಆಮೇಲೆ ಪಾಠ: ಸ್ವಲ್ಪ ಉಸಿರು ಹೊರಬಿಟ್ಟೇ ಶಬ್ದ ಶುರು ಮಾಡುವುದು, ತುಟಿ ಒತ್ತದೆ ಬರೀ ತಾಗಿಸುವುದು, ಮೊದಲ ಅಕ್ಷರ ಎಳೆಯುವುದು. ಎಲ್ಲಕ್ಕಿಂತ ಕಷ್ಟದ್ದು, ಅಂಗಡಿಗೆ ಹೋಗಿ ಬೇಕೆಂದೇ ಉಗ್ಗುವುದು! “ಬ-ಬ-ಬನ್ಸ್ ಉಂಟಾ?” ಹುಡುಗ ತಲೆಯೂ ಎತ್ತದೆ “ಖಾಲಿ” ಅಂದ.

ಪೂರ್ತಿ ಗುಣ ಆಗುವುದು ಯಾವಾಗ ಮೇಡಂ ಅಂತ ಕೇಳಿದ್ದಕ್ಕೆ ಬ್ರಿಟನ್ನಿನ ಆರನೇ ಜಾರ್ಜ್ ಕಥೆ ಹೇಳಿದರು. 1925ರಲ್ಲಿ ವೆಂಬ್ಲಿಯ ಭಾಷಣದಲ್ಲಿ ಒದ್ದಾಡಿದವರು, ಮರುವರ್ಷ ಸ್ಪೀಚ್ ಥೆರಪಿಸ್ಟ್ ಲಯೊನೆಲ್ ಲೋಗ್ ಬಳಿ ಹೋದರು. ಲೋಗ್ ಆಸ್ಟ್ರೇಲಿಯಾದವರು, ವೈದ್ಯಕೀಯ ಪದವಿ ಇರಲಿಲ್ಲ. 1939ರ ಸೆಪ್ಟೆಂಬರ್ 3ರಂದು ರಾಜ ರೇಡಿಯೋದಲ್ಲಿ ಯುದ್ಧದ ಮಾತಾಡುವಾಗಲೂ ಲೋಗ್ ಪಕ್ಕದಲ್ಲೇ ಇದ್ದರಂತೆ. ಆ ಧ್ವನಿಮುದ್ರಣ ಹಾಕಿ ಕೇಳಿಸಿದರು. ಎಷ್ಟು ಕಡೆ ನಿಲ್ಲುತ್ತಾರೆ ಮಾರಾಯ್ರೆ!

ಕೊರತೆಯೂ ಉಂಟು. ಗೋಡೆ ಅಂದರೆ ಪ್ಲೈವುಡ್, ನನ್ನ ‘ಬಬಬ’ ಹೊರಗೆ ಕಾಯುವವರಿಗೆಲ್ಲ ಕೇಳುತ್ತದೆ. ಕನ್ನಡದ ಓದುವ ಹಾಳೆಗಳು ಮಕ್ಕಳದ್ದು. ನಾನು ಕಾಗೆ-ನರಿ ಕಥೆ ಓದಬೇಕಾ? ಎರಡನೇ ವಾರದಿಂದ ಸಂಘದ ವಾರ್ಷಿಕ ವರದಿಯನ್ನೇ ಒಯ್ದೆ. ನಿಲ್ಲಬೇಕಾದಲ್ಲಿ ಪೆನ್ಸಿಲ್ ಗೆರೆ ಎಳೆದುಕೊಟ್ಟರು.

ಈ ಸೆಪ್ಟೆಂಬರಿನ ಮಹಾಸಭೆಯಲ್ಲಿ ‘ಬೋ’ದಲ್ಲಿ ಎರಡು ಸೆಕೆಂಡ್ ನಿಂತೆ. ಶಬ್ದ ಬದಲಿಸಲಿಲ್ಲ. “ಬೋನಸ್” ಅಂದೆ. ಹಿಂದಿನ ಸಾಲಿನಿಂದ ಒಬ್ಬರು, “ಅದಾಯ್ತು, ಲೀಟರಿಗೆ ಎಷ್ಟು ಹೇಳಿ.”

ಶನಿವಾರ ಹೋಗುವವರು ಎರಡು ವಾರ ಮೊದಲೇ ಫೋನ್ ಮಾಡಿ. ಉಗ್ಗಿದರೂ ಆ ಕಡೆಯವರು ಫೋನ್ ಇಡುವುದಿಲ್ಲ.