ತೂಕದ ಆಪರೇಷನ್‌ಗೆ ಡಾಕ್ಟರ್ ಲೆಟರ್ ತಗೊಳ್ತಿದ್ದೀರಾ? ಕವರ್ ಅಂಟಿಸೋ ಮೊದಲು ಓದಿಕೊಳ್ಳಿ

ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ಯಾರಾದರೂ ತೂಕ ಇಳಿಸೋ ಆಪರೇಷನ್‌ಗೆ ಹೊರಟಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಸಿಟ್ಟು ಇನ್ನೂ ಇಳಿದಿಲ್ಲ, ಹಾಗಾಗಿ ಹೇಳಿದ್ದನ್ನೇ ಮತ್ತೆ ಹೇಳಬಹುದು. ಡಾಕ್ಟರ ಹೆಸರು, ಕ್ಲಿನಿಕ್ ಹೆಸರು ಹಾಕಲ್ಲ, ಕೇಳಬೇಡಿ. ಶಿವಮೊಗ್ಗದಲ್ಲೇ ಇದೆ, ಬೋರ್ಡು ದೊಡ್ಡದಾಗಿದೆ, ಬೆಳಗ್ಗೆಯಿಂದ ಕ್ಯೂ ಇರುತ್ತೆ. ಅಷ್ಟು ಸಾಕು.

ನನ್ನ ತೂಕ 112 ಕೆಜಿ, ಎತ್ತರ 157 ಸೆಂ.ಮೀ. ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನೋ ಅಳತೆ, ಲೆಕ್ಕ ಹಾಕಿದರೆ 45 ದಾಟುತ್ತೆ. ಶುಗರ್ ಇದೆ, ಮಾತ್ರೆ ಜಾಸ್ತಿ ಮಾಡಿದರೂ ಹತೋಟಿಗೆ ಬರ್ತಿಲ್ಲ. ರಾತ್ರಿ ಗೊರಕೆ ಹೊಡೀತಾ ಹೊಡೀತಾ ಉಸಿರೇ ನಿಂತುಬಿಡುತ್ತೆ, ನಮ್ಮ ಯಜಮಾನರು ಎದ್ದು ಕೂತು ನನ್ನನ್ನ ಅಲುಗಾಡಿಸುತ್ತಾರೆ. ಡಯಟ್ ಮಾಡಿದ್ದೇನೆ. ಡಯಟಿಷಿಯನ್ ಬರೆದುಕೊಟ್ಟ ಚಾರ್ಟ್‌ಗಳು ಫೈಲಿನಲ್ಲೇ ಇವೆ. ಒಮ್ಮೆ 14 ಕೆಜಿ ಇಳಿಸಿದೆ, ಎಲ್ಲಾ ವಾಪಸ್ ಬಂತು, ಜೊತೆಗೆ ಇನ್ನಷ್ಟನ್ನು ಕರಕೊಂಡು ಬಂತು. ಇದನ್ನೆಲ್ಲ ಯಾಕೆ ಹೇಳ್ತಿದ್ದೇನೆ ಅಂದರೆ, "ಸುಮ್ನೆ ಫ್ಯಾಷನ್‌ಗೆ ಆಪರೇಷನ್" ಅಂತ ಕೆಳಗೆ ಯಾರಾದರೂ ಬರೆಯೋ ಮೊದಲು ಗೊತ್ತಿರಲಿ ಅಂತ.

ಬೆಂಗಳೂರಿನ ಸರ್ಜನ್ ನೋಡಿ, ಮಾಡಬಹುದು ಅಂದರು. ಸ್ಲೀವ್ (ಜಠರವನ್ನ ಕತ್ತರಿಸಿ ಚಿಕ್ಕದು ಮಾಡೋದು) ಮಾಡಬೇಕಾ ಬೈಪಾಸ್ (ಜಠರ ಚಿಕ್ಕದು ಮಾಡಿ ಕರುಳಿಗೆ ಬೇರೆ ದಾರಿ ಜೋಡಿಸೋದು) ಮಾಡಬೇಕಾ ಅನ್ನೋದನ್ನ ಎಂಡೋಸ್ಕೋಪಿ (ಬಾಯಿಂದ ಕ್ಯಾಮೆರಾ ಇಳಿಸಿ ಒಳಗೆ ನೋಡೋದು) ಆದಮೇಲೆ ನಿರ್ಧಾರ ಮಾಡೋಣ, ಎದೆಯುರಿ ಜಾಸ್ತಿ ಇರೋರಿಗೆ ಸ್ಲೀವ್ ಆಗಿಬರಲ್ಲ ಅಂದರು. ಕೊನೆಗೆ ಒಂದೇ ಒಂದು ಕಾಗದ ಕೇಳಿದರು. ಊರಲ್ಲಿ ನನ್ನ ಶುಗರ್ ನೋಡ್ತಿರೋ ಡಾಕ್ಟರ ಲೆಟರ್. ಎಷ್ಟು ವರ್ಷದಿಂದ ಔಷಧಿ, ಏನೇನು ಮಾಡಿ ತೂಕ ಇಳಿಸೋಕೆ ನೋಡಿದ್ದಾರೆ, ಅಷ್ಟೇ. ಯಾಕಂದರೆ ಇನ್ಶುರೆನ್ಸ್ ಪಾಲಿಸಿಯಲ್ಲಿ ಬೊಜ್ಜಿನ ಆಪರೇಷನ್‌ಗೆ ಷರತ್ತುಗಳಿವೆ. ನಿಮ್ಮ ಪಾಲಿಸಿಯಲ್ಲೂ ಇರುತ್ತೆ, ತೆಗೆದು ನೋಡಿ. ಡಾಕ್ಟರ ಸಲಹೆ ಮೇಲೆ ಆಗಬೇಕು, ವಯಸ್ಸು 18 ತುಂಬಿರಬೇಕು. ಬಿಎಂಐ 40 ಅಥವಾ ಮೇಲಿರಬೇಕು. ಇಲ್ಲಾ 35 ಇದ್ದು ಜೊತೆಗೆ ಹತೋಟಿಗೆ ಬರದ ಶುಗರ್, ಜೋರು ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರೋದು), ಹೃದಯದ ತೊಂದರೆ ಇಂಥದ್ದೇನಾದರೂ ಇರಬೇಕು. ಬೇರೆ ಸುಲಭದ ದಾರಿಗಳನ್ನ ಮಾಡಿ ನೋಡಿ ಆಗಿಲ್ಲ ಅಂತಲೂ ತೋರಿಸಬೇಕು. ಈ ಕೊನೆಯದಕ್ಕೇ ಊರಿನ ಡಾಕ್ಟರ ಕಾಗದ ಬೇಕಾಗೋದು.

ವರ್ಷಗಳಿಂದ ಹೋಗ್ತಿರೋ ಕ್ಲಿನಿಕ್ ಅಲ್ವಾ, ಹತ್ತು ನಿಮಿಷದ ಕೆಲಸ ಅಂದುಕೊಂಡು ಹೋದೆವು.

ಅಲ್ಲಿ ತೂಕದ ಮೆಷಿನ್ ಇರೋದು ಹೊರಗೆ, ಜನ ಕೂರೋ ಬೆಂಚಿನ ಪಕ್ಕದಲ್ಲೇ. ಸಿಸ್ಟರ್ ನನ್ನನ್ನ ಹತ್ತಿಸಿ "ನೂರಾ ಹನ್ನೆರಡೂ" ಅಂತ ಒಳಗಿನವರಿಗೆ ಕೇಳೋ ಹಾಗೆ ಕೂಗಿದಳು. ಬೆಂಚಿನ ಮೇಲಿದ್ದ ಇಬ್ಬರು ತಲೆ ಎತ್ತಿ ನೋಡಿದರು. ಆಮೇಲೆ ಬಿಪಿ. ಪಟ್ಟಿ ನನ್ನ ತೋಳಿಗೆ ಸಾಲದು. ಸುತ್ತಿದ್ದು ಚರ್ರ್ ಅಂತ ಬಿಚ್ಚಿಕೊಳ್ತಿತ್ತು. ಕೊನೆಗೆ ಅವಳು ಕೈಯಲ್ಲಿ ಒತ್ತಿ ಹಿಡಿದುಕೊಂಡೇ ನೋಡಿ 170 ಅಂತ ಬರೆದಳು. ಪಟ್ಟಿ ಚಿಕ್ಕದಾದರೆ ಬಿಪಿ ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ ಅಂತ ಬೆಂಗಳೂರಲ್ಲಿ ಹೇಳಿದರು. ಅಲ್ಲಿ ದೊಡ್ಡ ಪಟ್ಟಿ ಹಾಕಿ ನೋಡಿದಾಗ 136 ಇತ್ತು. ದಪ್ಪ ಇರೋರು ಇದೊಂದನ್ನ ಗಟ್ಟಿಯಾಗಿ ಕೇಳಿ, ದೊಡ್ಡ ಪಟ್ಟಿ ಇದೆಯಾ ಅಂತ.

ಡಾಕ್ಟರು ಸರ್ಜನ್ ಬರೆದ ಚೀಟಿ ಓದಿದರು. ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. ನನ್ನ ಕಡೆ ನೋಡಲಿಲ್ಲ, ಯಜಮಾನರ ಕಡೆ ತಿರುಗಿದರು.

"ಏನ್ ಸ್ವಾಮಿ, ನೀವಾದ್ರೂ ಬುದ್ಧಿ ಹೇಳಬಾರದಾ? ಚೆನ್ನಾಗಿರೋ ಹೊಟ್ಟೆ ಕೊಯ್ಸಿಕೊಳ್ಳೋಕೆ ದುಡ್ಡು ಕೊಟ್ಟು ಹೋಗ್ತಾರಾ ಯಾರಾದ್ರೂ?"

ಇವರು "ಅವಳೇ ಯೋಚನೆ ಮಾಡಿ ನಿರ್ಧಾರ ಮಾಡಿರೋದು ಸರ್" ಅಂದರು. ಆಗ ನನ್ನ ಸರದಿ.

"ನೋಡಮ್ಮಾ, ನಮ್ಮ ತೀರ್ಥಹಳ್ಳಿ ಕಡೆ ಹಿಂದೆ ಹೆಂಗಸರು ಗುಡ್ಡ ಹತ್ತಿ ಸೊಪ್ಪು ಹೊತ್ತು ತರ್ತಿದ್ರು. ಒಬ್ರಾದ್ರೂ ನಿನ್ನ ಹಾಗಿದ್ರಾ? ಕಡುಬು ಬಿಡು, ಕಾಲು ಓಡಿಸು. ಬಾಯಿಗೆ ಬೀಗ ಹಾಕೋಕೆ ಆಪರೇಷನ್ ಯಾಕೆ?"

ಬಾಗಿಲು ಅರ್ಧ ತೆರೆದಿತ್ತು. ಹೊರಗಿನ ಬೆಂಚಿನವರಿಗೆ ಎಲ್ಲಾ ಕೇಳಿಸ್ತಿತ್ತು. ಕಣ್ಣಲ್ಲಿ ನೀರು ಬಂತು. ಮುಖ ಎಲ್ಲಿಡಬೇಕು ಗೊತ್ತಾಗಲಿಲ್ಲ.

ಒಂದು ಮಾತು ಹೇಳ್ತೀನಿ. ಡಾಕ್ಟರು ಬೇಡ ಅನ್ನಬಾರದು ಅಂತ ನಾನು ಹೇಳ್ತಿಲ್ಲ. ಬೇಡ ಅನ್ನೋಕೆ ಕಾರಣಗಳಿವೆ, ಅವು ನನಗೂ ಗೊತ್ತು. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೀತಾರೆ, ಅದನ್ನ ವಾಪಸ್ ಜೋಡಿಸೋಕೆ ಆಗಲ್ಲ. ಹೊಲಿಗೆ ಹಾಕಿದ ಜಾಗ ಸೋರಬಹುದು, ರಕ್ತ ಹೋಗಬಹುದು. ಆಮೇಲೆ ಜೀವನಪೂರ್ತಿ ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಬಿಡೋ ಹಾಗಿಲ್ಲ, ಆಗಾಗ ರಕ್ತ ಪರೀಕ್ಷೆ ಆಗ್ತಿರಬೇಕು. ಕೂದಲು ಉದುರುತ್ತೆ. ವರ್ಷಗಳಾದಮೇಲೆ ತೂಕ ಸ್ವಲ್ಪ ಮರಳಿ ಬರೋದೂ ಇದೆ. ಇದನ್ನೆಲ್ಲ ಕೇಳ್ತಾರೆ ಅಂತ ತಯಾರಾಗಿ ಹೋಗಿದ್ದೆ. ಇದರಲ್ಲಿ ಒಂದನ್ನೂ ಕೇಳಲಿಲ್ಲ! ಕಡುಬು, ಗುಡ್ಡ, ಸೊಪ್ಪು. ಅಷ್ಟೇ. ಜೊತೆಗೆ "ಕೆಳಗೆ ನಮ್ಮ ಮೆಡಿಕಲ್‌ನಲ್ಲೇ ಒಂದು ಪೌಡರ್ ಸಿಗುತ್ತೆ, ರಾತ್ರಿ ಊಟದ ಬದಲು ಕುಡಿ" ಅಂದರು. ಅದೂ ಬಂತಲ್ಲ ಅನ್ನಿಸಿತು.

ಆಮೇಲೆ ಇದ್ದಕ್ಕಿದ್ದ ಹಾಗೆ ತಣ್ಣಗಾದರು. "ಆಯ್ತಮ್ಮಾ, ಅಳಬೇಡ. ನಿನ್ನಿಷ್ಟ. ಲೆಟರ್ ತಾನೇ, ಕೊಡ್ತೀನಿ, ಹೊರಗೆ ಕೂತಿರು."

ಲೆಟರ್‌ಗೆ ಬೇರೆ 500 ರೂಪಾಯಿ. ಕೊಟ್ಟೆವು. ಕವರ್ ಬಂತು. ಅಂಟು ಹಚ್ಚಿ, ಮೇಲೆ ಸೆಲ್ಲೋಟೇಪ್ ಎಳೆದು, ಅದರ ಮೇಲೆ ಸೀಲು ಹೊಡೆದಿತ್ತು. "ಇದು ಡಾಕ್ಟರಿಂದ ಡಾಕ್ಟರಿಗೆ ಮೇಡಂ, ಒಡೀಬೇಡಿ" ಅಂದಳು ಕೌಂಟರ್ ಹುಡುಗಿ. ಮಾತು ಒರಟಾದರೂ ಮನಸ್ಸು ಒಳ್ಳೇದು ಅಂದುಕೊಂಡು ಮತ್ತೆ ಒಳಗೆ ಹೋಗಿ ಕೈ ಮುಗಿದು ಬಂದೆ. ಕೈ ಮುಗಿದು! ಅದು ನೆನಪಾದಾಗೆಲ್ಲ ಮೈ ಉರಿಯುತ್ತೆ.

ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದೆವು. ಸರ್ಜನ್ ಕವರ್ ಒಡೆದು ಓದಿದರು. ಏನೂ ಹೇಳದೆ ಹಾಳೆಯನ್ನ ನನ್ನ ಕಡೆ ತಿರುಗಿಸಿಟ್ಟರು. ಪಥ್ಯ ಹೇಳಿದ್ದರೂ ರೋಗಿ ಪಾಲಿಸಿಲ್ಲ. ವ್ಯಾಯಾಮಕ್ಕೆ ಮನಸ್ಸಿಲ್ಲ. ಅಳುತ್ತಾರೆ, ಮಾನಸಿಕವಾಗಿ ತಯಾರಿಲ್ಲ. ಬಿಪಿ 170. ಆಪರೇಷನ್‌ಗೆ ನನ್ನ ಸಲಹೆ ಇಲ್ಲ. ಇಷ್ಟಿತ್ತು ಇಂಗ್ಲಿಷಿನಲ್ಲಿ, ಕೆಳಗೆ ಸಹಿ. ಔಷಧಿ ಎಷ್ಟು ವರ್ಷದಿಂದ ಅನ್ನೋ ಒಂದು ಸಾಲೂ ಇಲ್ಲ. ಆ ಹಾಳೆಗೆ 500 ರೂಪಾಯಿ ಕೊಟ್ಟು, ಸೀರೆ ಮಡಿಕೆ ಮಧ್ಯೆ ಸುಕ್ಕಾಗದ ಹಾಗೆ ಇಟ್ಟುಕೊಂಡು ತಂದವಳು ನಾನು.

ಪಥ್ಯ ಹೇಳಿದ್ದರಂತೆ. ಯಾವಾಗ? ಇಷ್ಟು ವರ್ಷದಲ್ಲಿ ಒಂದು ಚೀಟಿಯಲ್ಲೂ ಬರೆದಿಲ್ಲ. "ಅನ್ನ ಕಡಿಮೆ ಮಾಡಿ" ಅನ್ನೋದು ಪಥ್ಯನಾ?

ಅಲ್ಲಿನ ಇನ್ಶುರೆನ್ಸ್ ಡೆಸ್ಕಿನ ಹುಡುಗ ಹೇಳಿದ: "ಮೇಡಂ, ಇದು ಹೋದ್ರೆ ಕ್ಯಾಷ್‌ಲೆಸ್, ಅಂದ್ರೆ ಇನ್ಶುರೆನ್ಸ್‌ನವರೇ ಆಸ್ಪತ್ರೆಗೆ ನೇರ ದುಡ್ಡು ಕಟ್ಟೋದು, ಅಲ್ಲೇ ರಿಜೆಕ್ಟ್ ಆಗುತ್ತೆ. ಹಾಗಂತ ಬಂದಿರೋ ಕಾಗದನ ನಾವು ಮುಚ್ಚಿಡೋ ಹಾಗೂ ಇಲ್ಲ. ಸರಿ ಮಾಡಿಸಿಕೊಂಡು ಬನ್ನಿ."

ಕ್ಲಿನಿಕ್‌ಗೆ ಫೋನ್ ಮಾಡಿದೆ. "ಲೆಟರ್ ಕೊಟ್ಟಾಯ್ತಲ್ಲ ಮೇಡಂ, ಇನ್ನೇನು?" ಸರ್ ಬ್ಯುಸಿ. ಸರ್ ರೌಂಡ್ಸ್‌ಗೆ ಹೋಗಿದ್ದಾರೆ. ಸರ್ ಊಟಕ್ಕೆ ಹೋಗಿದ್ದಾರೆ. ಕೊನೆಗೆ ಸರ್ ಸಿಕ್ಕರು.

"ನೀನು ಕೇಳಿದ್ದು ಲೆಟರ್, ಕೊಟ್ಟಿದ್ದೀನಿ. ಏನು ಬರೀಬೇಕು ಅಂತ ನೀನು ಹೇಳೋ ಹಾಗಿಲ್ಲ."

"ಬೇಡ ಅಂತ ಅಲ್ಲೇ ಹೇಳಬಹುದಿತ್ತಲ್ಲ ಸರ್. ನಾನು ಬೇರೆ ಡಾಕ್ಟರ್ ಹತ್ರ ಹೋಗ್ತಿದ್ದೆ."

"ಅಳ್ತಾ ಕೂತಿದ್ದೆ. ನಿನ್ನ ಹತ್ರ ಏನು ಮಾತಾಡೋದು? ನಾಳೆ ಟೇಬಲ್ ಮೇಲೆ ಏನಾದ್ರೂ ಆದ್ರೆ ನನ್ನ ಹೆಸರು ಬರಲ್ವಾ? ನಿನ್ನ ಒಳ್ಳೇದಕ್ಕೇ ಬರೆದಿದ್ದು."

ನನ್ನ ಒಳ್ಳೇದಕ್ಕಂತೆ! ಒಳ್ಳೇದಕ್ಕೆ ಬರೆದದ್ದಕ್ಕೆ ಸೆಲ್ಲೋಟೇಪ್ ಯಾಕೆ? ಎದುರಿಗೆ ಕೂರಿಸಿಕೊಂಡು "ನಾನು ಒಪ್ಪಲ್ಲ, ಕಾರಣ ಇದು" ಅಂದಿದ್ದರೆ ಇವತ್ತೂ ಅವರ ಹತ್ರವೇ ಶುಗರ್ ತೋರಿಸ್ತಿದ್ದೆ. "ಕೊಡ್ತೀನಿ" ಅಂತ ಹೇಳಿ, ಕಿವಿ ಮೇಲೆ ಹೂ ಇಟ್ಟು, ನನ್ನ ಕೈಯಲ್ಲೇ ನನ್ನ ಮೇಲಿನ ಚಾಡಿ ಕಳಿಸಿದರಲ್ಲ, ಅದನ್ನ ಸಹಿಸೋಕೆ ಆಗ್ತಿಲ್ಲ.

ಇನ್ನೂ ಒಂದು. ಆಪರೇಷನ್ ಅಂದರೆ ಕೊನೇ ದಾರಿ ಅನ್ನೋ ಮಾತನ್ನ ಇನ್ನೂ ಹಿಡ್ಕೊಂಡು ಕೂತವರು ಬಹಳ ಜನ ಇದ್ದಾರೆ. ಬಿಎಂಐ 40, ಇಲ್ಲಾ ಕಾಯಿಲೆ ಇದ್ದರೆ 35 ಅನ್ನೋದು 1991ರ ಅಮೆರಿಕದ ಲೆಕ್ಕ. 2022ರಲ್ಲಿ ಬೇರಿಯಾಟ್ರಿಕ್ (ತೂಕ ಇಳಿಸೋ ಆಪರೇಷನ್ ಮಾಡೋ) ಸರ್ಜನ್‌ಗಳ ಅಮೆರಿಕದ ಸಂಘ ಮತ್ತು ಅಂತರರಾಷ್ಟ್ರೀಯ ಒಕ್ಕೂಟ ಸೇರಿ ಅದನ್ನ ಬದಲಾಯಿಸಿವೆ. ಬೇರೆ ಕಾಯಿಲೆ ಇರಲಿ ಬಿಡಲಿ 35 ಸಾಕು, ನಮ್ಮಂಥ ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದು ಅಂತ. ಇನ್ಶುರೆನ್ಸ್‌ನವರು ಹಳೇ ಲೆಕ್ಕದಲ್ಲೇ ಇದ್ದಾರೆ. ನಾನು ಹಳೇ ಲೆಕ್ಕಕ್ಕೂ ಸರಿಯಾಗೇ ಬರ್ತೀನಿ!

ಹೊರಟವರಿಗೆ ಇಷ್ಟೇ. ಲೆಟರ್ ಕೇಳೋ ಮೊದಲೇ "ಸರ್, ಆಪರೇಷನ್‌ಗೆ ನಿಮ್ಮ ಒಪ್ಪಿಗೆ ಇದೆಯಾ ಇಲ್ವಾ" ಅಂತ ನೇರ ಕೇಳಿ. ಇಲ್ಲ ಅಂದರೆ ಬೈಸಿಕೊಳ್ತಾ ಕೂರಬೇಡಿ, ಎದ್ದು ಬೇರೆ ಫಿಸಿಷಿಯನ್ ಹತ್ರ ಹೋಗಿ. ಡಯಟ್ ಚಾರ್ಟ್, ಜಿಮ್ ರಸೀದಿ, ಹಳೇ ತೂಕ ಬರೆದ ಚೀಟಿ ಯಾವುದನ್ನೂ ಬಿಸಾಡಬೇಡಿ. ಕವರ್ ಅಂಟಿಸೋಕೆ ಬಿಡಬೇಡಿ. ಅಂಟಿಸಿ ಕೊಟ್ಟರೆ ಕೌಂಟರ್ ಎದುರೇ ಒಡೆದು ಓದಿ, ಇಂಗ್ಲಿಷ್ ಬರದಿದ್ದರೆ ಮಕ್ಕಳ ಹತ್ರ ಓದಿಸಿ. ನಿಮ್ಮ ದೇಹದ ವಿಷಯ ಬರೆದ ಕಾಗದ ಅದು.

ಈಗ ಇನ್ನೊಬ್ಬ ಫಿಸಿಷಿಯನ್ ಸಿಕ್ಕಿದ್ದಾರೆ, ಲೇಡಿ ಡಾಕ್ಟರ್. ಅವರಿಗೂ ಆಪರೇಷನ್ ಬಗ್ಗೆ ಅನುಮಾನ ಇದೆ. ಆದರೆ ಎದುರಿಗೇ ಹೇಳಿದರು, ಮೊದಲು ಸ್ಲೀಪ್ ಸ್ಟಡಿ (ನಿದ್ದೆಯಲ್ಲಿ ಉಸಿರಾಟ ನೋಡೋ ಪರೀಕ್ಷೆ) ಮಾಡಿಸಿ, ಥೈರಾಯ್ಡ್ ನೋಡೋಣ, ಆಮೇಲೆ ಬರೀತೀನಿ ಅಂತ. ಬರೆದದ್ದನ್ನ ಓದಿ ತೋರಿಸೇ ಸಹಿ ಹಾಕ್ತಾರಂತೆ.

ಹಳೇ ಕ್ಲಿನಿಕ್‌ಗೆ ನನ್ನ ಇಷ್ಟು ವರ್ಷದ ದಾಖಲೆ ಕೊಡಿ ಅಂತ ಅರ್ಜಿ ಬರೆದುಕೊಟ್ಟು, ಇನ್ನೊಂದು ಪ್ರತಿ ಮೇಲೆ ಸೀಲು ಹಾಕಿಸಿಕೊಂಡು ಬಂದಿದ್ದೇನೆ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ 2002ರ ಮೆಡಿಕಲ್ ಕೌನ್ಸಿಲ್ ನಿಯಮದಲ್ಲೇ ಇದೆ. 72 ಗಂಟೆ ಮುಗಿದಿದೆ. ನಿನ್ನೆ ಫೋನ್ ಮಾಡಿದರೆ ಅದೇ ಕೌಂಟರ್ ಹುಡುಗಿ, "ಅದನ್ನೆಲ್ಲ ಯಾರೂ ಕೇಳಲ್ಲ ಮೇಡಂ, ನಿಮಗೆ ಯಾಕೆ?" ಅಂದಳು. ಸೋಮವಾರ ಮತ್ತೆ ಹೋಗ್ತಿದ್ದೇನೆ. ಈ ಸಲ ಯಜಮಾನರು ಬೇಡ, ನಾನೊಬ್ಬಳೇ.