ಬಿಚ್ಚಿ ಜೋಡಿಸುವ 6×4 ಅಡಿಯ ಜಾಲರಿ ಕೋಳಿಗೂಡು: ಬ್ರೂಡರ್ ಬಿಟ್ಟ ಮರಿಗಳಿಗೆ ಎಷ್ಟು ಆದೀತು?

ನಾಲ್ಕು ಕಾಲಿನ ಮೇಲೆ ನಿಲ್ಲುವ, ಬೋಲ್ಟ್ ಬಿಗಿದು ಜೋಡಿಸುವ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನ ಗೂಡು ಇದು. ಉದ್ದ 6 ಅಡಿ, ಅಗಲ 4 ಅಡಿ, ಒಳಗಿನ ಎತ್ತರ 3 ಅಡಿ, ತಳ ನೆಲದಿಂದ 2 ಅಡಿ ಮೇಲೆ. ತಳಕ್ಕೆ 1 ಇಂಚು ಚೌಕದ ವೆಲ್ಡ್ ಜಾಲರಿ, ಸುತ್ತ 1 ಇಂಚಿನ ಆರು ಮೂಲೆಯ ಕೋಳಿ ಜಾಲರಿ, ಮೇಲೆ ತಗಡು, ಕೆಳಗೆ ಹಿಕ್ಕೆ ಬೀಳುವ ತಟ್ಟೆ. ಹೆಸರು ಬೇರೆ ಬೇರೆಯಾದರೂ ಹಲವರು ಮಾರುವುದು ಇದೇ ಮಾದರಿಯನ್ನು. ಬಲಿತ ಕೋಳಿಗೆ ಒಳ್ಳೆಯ ಗೂಡು. ಮರಿಗಳಿಗೆ ಮಾತ್ರ ಬಂದ ಹಾಗೇ ಬಳಸುವಂಥದ್ದಲ್ಲ. ‘ಮೂರು ವಾರದ ಮರಿಯನ್ನೇ ಬಿಡಬಹುದು’ ಎಂಬ ಮಾರಾಟದ ಮಾತನ್ನು ನಂಬಿ ಬಿಟ್ಟರೆ ಮೊದಲ ರಾತ್ರಿಯೇ ನಷ್ಟ ಶುರು. ಐದಕ್ಕೆ ಮೂರೂವರೆ ಅಂಕ.

ಮೊದಲು ವಯಸ್ಸಿನ ಲೆಕ್ಕ. ಬ್ರೂಡರ್ ಅಂದರೆ ಬಲ್ಬಿನಿಂದ ಮರಿಗಳಿಗೆ ಕಾವು ಕೊಡುವ ಜಾಗ. ಬ್ರೂಡರ್‌ನಲ್ಲಿ ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಕಾವು ಕೊಟ್ಟು, ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ ಬಂದರೆ ನಾಲ್ಕನೇ ವಾರಕ್ಕೆ 26ರ ಆಸುಪಾಸು, ಆರನೇ ವಾರಕ್ಕೆ 21ರ ಆಸುಪಾಸು ಆಗುತ್ತದೆ. ಅಂದರೆ ಏಪ್ರಿಲ್‌ನಲ್ಲಿ ರಾಯಚೂರಿನ ನಾಲ್ಕು ವಾರದ ಮರಿ ರಾತ್ರಿ ಹೊರಗೆ ಆರಾಮಾಗಿ ಮಲಗೀತು, ಡಿಸೆಂಬರಿನಲ್ಲಿ ಕೊಡಗಿನ ಅದೇ ವಯಸ್ಸಿನ ಮರಿ ನಡುಗುತ್ತದೆ. ಕ್ಯಾಲೆಂಡರಿಗಿಂತ ಮರಿಯ ಮೈ ನೋಡುವುದು ಮೇಲು. ಬೆನ್ನು, ಎದೆ, ರೆಕ್ಕೆಯ ಕೆಳಭಾಗದಲ್ಲಿ ತುಪ್ಪುಳ ಹೋಗಿ ಪುಕ್ಕ ಮುಚ್ಚಿರಬೇಕು. ಕತ್ತಿನಲ್ಲಿ ಸ್ವಲ್ಪ ತುಪ್ಪುಳ ಉಳಿದಿದ್ದರೆ ಚಿಂತೆಯಿಲ್ಲ. ಗಿರಿರಾಜ, ಸ್ವರ್ಣಧಾರಾ, ಕಾವೇರಿಯಂಥ ತಳಿಗಳಲ್ಲಿ ಇದಕ್ಕೆ ಐದರಿಂದ ಆರು ವಾರ ಬೇಕು. ನಾಲ್ಕನೇ ವಾರದಿಂದ ಹಗಲು ಬಲ್ಬ್ ಆರಿಸಿ, ಐದನೇ ವಾರ ರಾತ್ರಿಯೂ ಆರಿಸಿ ನೋಡಿ. ಬಲ್ಬ್ ಇಲ್ಲದೆಯೂ ಮರಿಗಳು ಒಂದರ ಮೇಲೊಂದು ಏರದೆ ಹರಡಿಕೊಂಡು ಮಲಗಿದರೆ ಹೊರಗೆ ಸಾಗಿಸಬಹುದು.

ಗೂಡಿನ ದೊಡ್ಡ ಕೊರತೆ ತಳದ್ದು. 1 ಇಂಚಿನ ಕಣ್ಣಿನಲ್ಲಿ ಐದು ವಾರದ ಮರಿಯ ಪಾದ ಇಳಿದುಬಿಡುತ್ತದೆ. ಗಾಬರಿಯಲ್ಲಿ ಎಳೆದುಕೊಂಡರೆ ಮೊಣಕಾಲು ಉಳುಕುತ್ತದೆ, ಬೆರಳು ತಿರುಚಿಕೊಳ್ಳುತ್ತದೆ. ಅದುವರೆಗೆ ಹೊಟ್ಟಿನ ಮೇಲೆ ಬೆಳೆದ ಮರಿಗೆ ತಂತಿ ಹೊಸದು, ನಡೆಯುವುದಕ್ಕೇ ಹಿಂಜರಿದು ಮೂಲೆ ಹಿಡಿಯುತ್ತದೆ. ಹಾಗಾಗಿ ಇಡೀ ತಳಕ್ಕೆ ಅರ್ಧ ಇಂಚಿನ ಪ್ಲಾಸ್ಟಿಕ್ ಜಾಲರಿ ಹಾಸಿ, ಅರ್ಧ ಭಾಗದ ಮೇಲೆ ಮಾತ್ರ ಗೋಣಿಚೀಲ ಹರವಿ ಎರಡು ಇಂಚು ಭತ್ತದ ಹೊಟ್ಟು ಹಾಕಬೇಕು. ಸುಮಾರು ಒಂದು ವಾರದಲ್ಲಿ ಗೋಣಿ ತೆಗೆದುಬಿಡಿ. ಹೆಚ್ಚು ದಿನ ಬಿಟ್ಟರೆ ಒದ್ದೆಯಾಗಿ ಅದೇ ರೋಗದ ಮನೆ. ಪ್ಲಾಸ್ಟಿಕ್ ಜಾಲರಿ ಹತ್ತು ವಾರ ದಾಟುವ ತನಕ ಇರಲಿ.

ಇನ್ನು ಸುತ್ತಿನ ಜಾಲರಿ. ಕೋಳಿ ಹೊರಗೆ ಹೋಗದಂತೆ ತಡೆಯಲು ಆರು ಮೂಲೆಯ ಜಾಲರಿ ಸಾಕು, ಬೇರೆಯವು ಒಳಗೆ ಬರದಂತೆ ತಡೆಯಲು ಸಾಲದು. 1 ಇಂಚಿನ ಕಣ್ಣಿನಲ್ಲಿ ಸಣ್ಣ ಹಾವು ನುಸುಳುತ್ತದೆ. ಮುಂಗುಸಿಗೂ ಬೆಕ್ಕಿಗೂ ಒಳಗೆ ಬರುವ ಅಗತ್ಯವೇ ಇಲ್ಲ. ಜಾಲರಿಗೆ ಒರಗಿ ಮಲಗಿದ ಮರಿಯ ಕಾಲನ್ನೋ ರೆಕ್ಕೆಯನ್ನೋ ಹೊರಗಿನಿಂದಲೇ ಎಳೆಯುತ್ತವೆ. ಬೆಳಿಗ್ಗೆ ತಲೆ ಇಲ್ಲದ, ಕಾಲಿಲ್ಲದ ಮರಿ ಗೂಡಿನೊಳಗೇ ಸಿಕ್ಕಿದರೆ ಕಾರಣ ಸಾಮಾನ್ಯವಾಗಿ ಇದೇ. ಸುತ್ತಳತೆ 20 ಅಡಿ. ಅರ್ಧ ಇಂಚಿನ ಜಿಐ ವೆಲ್ಡ್ ಜಾಲರಿಯನ್ನು 2 ಅಡಿ ಅಗಲದ್ದು 22 ಅಡಿ ತಂದು, ಬಾಗಿಲಿನದನ್ನು ಬೇರೆಯಾಗಿ ಕತ್ತರಿಸಿಕೊಂಡು, ಕೆಳಗಿನಿಂದ ಸುತ್ತಿ ಮೂರು ಇಂಚಿಗೊಂದರಂತೆ ಬೈಂಡಿಂಗ್ ವೈರ್ ಕಟ್ಟಬೇಕು. ತಂತಿಯ ತುದಿಗಳನ್ನು ಹೊರಗೆ ಮಡಚಿ, ಒಳಗೆ ಮಡಚಿದರೆ ಮರಿಯ ಕಣ್ಣಿಗೆ ಅಪಾಯ. ಬಾಗಿಲಿನ ಚಿಲಕವೂ ಸಡಿಲ, ನಾಯಿ ಮೂತಿಯಿಂದ ತಳ್ಳಿದರೆ ಎಗರುತ್ತದೆ. ಅಡ್ಡ ಅಗುಳಿ ಹಾಕಿ ಬೀಗದ ಕಣ್ಣಿಗೆ ಒಂದು ಮೊಳೆ ತೂರಿಸಿದರೂ ನಡೆಯುತ್ತದೆ.

ಸಾಗಿಸುವುದು ಬೆಳಿಗ್ಗೆಯೇ ಆಗಲಿ. ಸಂಜೆ ಬಿಟ್ಟ ಮರಿಗೆ ನೀರು, ಮೇವು ಎಲ್ಲಿದೆ ಎಂದು ಗೊತ್ತಾಗುವ ಮೊದಲೇ ಕತ್ತಲಾಗುತ್ತದೆ. ಬ್ರೂಡರ್‌ನಲ್ಲಿದ್ದ ಅದೇ ಡ್ರಿಂಕರ್, ಅದೇ ಫೀಡರ್ ಜೊತೆಗೇ ಬರಬೇಕು. 28ನೇ ದಿನದ ಆಸುಪಾಸಿನಲ್ಲಿ ಹಾಕುವ ಲಸೋಟಾ (ರಾಣಿಖೇತ್ ರೋಗದ ಲಸಿಕೆ) ಬೂಸ್ಟರ್ ಮತ್ತು ಗೂಡು ಬದಲಾವಣೆಯ ನಡುವೆ ನಾಲ್ಕೈದು ದಿನ ಅಂತರ ಇರಲಿ. ಸ್ಟಾರ್ಟರ್‌ನಿಂದ ಗ್ರೋಯರ್ ಮೇವಿಗೆ ಬದಲಿಸುವುದನ್ನೂ ಎಂಟನೇ ವಾರಕ್ಕೆ ಇಟ್ಟುಕೊಳ್ಳಿ. ಮೊದಲ ರಾತ್ರಿ ಮರಿಗಳು ಒಂದೇ ಮೂಲೆಗೆ ನುಗ್ಗಿ ಅಡಿಯಲ್ಲಿದ್ದವು ಉಸಿರುಗಟ್ಟಿ ಸಾಯುತ್ತವೆ. ನಾಲ್ಕೂ ಮೂಲೆಗೆ ಒಂದೂವರೆ ಅಡಿ ಎತ್ತರದ ರಟ್ಟನ್ನು ಬಾಗಿಸಿ ಕಟ್ಟಿದರೆ ಮೂಲೆಯೇ ಇರುವುದಿಲ್ಲ. ಗೂಡಿನ ಮಧ್ಯೆ ಒಂದೂವರೆ ಅಡಿ ಎತ್ತರದಲ್ಲಿ 60 ವ್ಯಾಟ್‌ನ ಹಳೇ ಮಾದರಿಯ ಬಲ್ಬ್ ಎರಡು ಮೂರು ರಾತ್ರಿ ಇರಲಿ. ಎಲ್‌ಇಡಿ ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಬಲ್ಬನ್ನು ವೈರಿನಿಂದ ನೇತುಹಾಕದೆ ಸರಪಳಿಯಿಂದ ಕಟ್ಟಿ, ಕೆಳಗೆ ಒಣ ಹೊಟ್ಟಿದೆ ಎಂಬುದು ನೆನಪಿರಲಿ. ಒಂದು ವಾರ ಹೊರಗೆ ಬಿಡದೆ ಕೂಡಿಹಾಕಿದರೆ ಆಮೇಲೆ ಸಂಜೆ ತಾವೇ ಗೂಡಿಗೆ ಬರುತ್ತವೆ.

ಜೊತೆಗೆ ಕೊಡುವ ನಿಪ್ಪಲ್ ಪೈಪ್, ಅಂದರೆ ಕೊಕ್ಕು ತಾಗಿಸಿದರೆ ನೀರು ಬರುವ ಮೊಳೆಗಳಿರುವ ಪೈಪ್, ಪರವಾಗಿಲ್ಲ. ಎತ್ತರ ಮಾತ್ರ ಸ್ಥಿರವಾಗಿದೆ, ಬಲಿತ ಕೋಳಿಯ ಅಳತೆಗೆ. ಮರಿ ಕತ್ತು ಸ್ವಲ್ಪ ಮೇಲೆತ್ತಿ ಕುಡಿಯುವಂತೆ ಹಗ್ಗದಲ್ಲಿ ಇಳಿಸಿ ಕಟ್ಟಿ, ವಾರವಾರ ಏರಿಸಬೇಕು. ಎಂಟು ಹತ್ತು ಮರಿಗೆ ಒಂದು ನಿಪ್ಪಲ್ ಸಾಕು. ಬೋರ್‌ವೆಲ್‌ನ ಗಡಸು ನೀರಾದರೆ ಬಿಳಿ ಪೊರೆ ಕಟ್ಟಿ ನಿಪ್ಪಲ್ ಒಂದೋ ಮುಚ್ಚುತ್ತದೆ, ಇಲ್ಲವೇ ಸೋರುತ್ತದೆ. ಬಿಚ್ಚಿ ವಿನೆಗರ್‌ನಲ್ಲಿ ನೆನೆಸಿದರೆ ಬಿಡುತ್ತದೆ.

ಗೂಡಿನ ನಿಜವಾದ ಗುಣ ಅಂದರೆ ಹಿಕ್ಕೆ ಕೆಳಗೆ ಬೀಳುವುದು. ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್, ಮೂರರಿಂದ ಆರು ವಾರದ ಮರಿಗಳನ್ನು ಹೆಚ್ಚು ಹಿಡಿಯುತ್ತದೆ, ಒದ್ದೆ ಹೊಟ್ಟಿನಲ್ಲಿ ಬೆಳೆಯುತ್ತದೆ. ಗೋಣಿ ತೆಗೆದ ಮೇಲೆ ಜಾಲರಿಯಲ್ಲಿ ಆ ಕಾಟ ಬಹಳ ಕಡಿಮೆ. ಆದರೆ ಇದರ ಇನ್ನೊಂದು ಮುಖವನ್ನು ಯಾರೂ ಹೇಳುವುದಿಲ್ಲ. ಚಿಕ್ಕಂದಿನಿಂದ ತಂತಿಯ ಮೇಲೆಯೇ ಬೆಳೆದ ಮರಿಗೆ ಆ ರೋಗದ ಪರಿಚಯವೇ ಇಲ್ಲದೆ ಪ್ರತಿರೋಧ ಬಂದಿರುವುದಿಲ್ಲ. ನೆಲಕ್ಕೆ ಬಿಟ್ಟ ಒಂದೆರಡು ವಾರದಲ್ಲಿ ಒಟ್ಟಿಗೇ ಮಲಗಿಬಿಡಬಹುದು. ಐದು ವಾರ ಹೊಟ್ಟಿನ ಮೇಲೆ ಬ್ರೂಡಿಂಗ್ ಆದವಕ್ಕೆ ಈ ಭಯ ಕಡಿಮೆ. ಪುಕ್ಕ ಕೆದರಿ ಕುಗ್ಗಿ ಕೂತರೆ, ಹಿಕ್ಕೆಯಲ್ಲಿ ರಕ್ತ ಕಂಡರೆ ತಡಮಾಡದೆ ಪಶುವೈದ್ಯರನ್ನು ಕೇಳಿ. ಸಾಮಾನ್ಯವಾಗಿ ಆಂಪ್ರೋಲಿಯಂ ಬರೆಯುತ್ತಾರೆ. ಅದನ್ನು ಕೊಡುವ ದಿನಗಳಲ್ಲಿ ಬಿ-ಕಾಂಪ್ಲೆಕ್ಸ್ ಟಾನಿಕ್ ನಿಲ್ಲಿಸಿ. ಬಿ1 ಜೀವಸತ್ವ ಪರಾವಲಂಬಿಗೆ ಸಿಗದಂತೆ ಮಾಡುವುದೇ ಈ ಔಷಧದ ಕೆಲಸ, ಟಾನಿಕ್ ಅದನ್ನೇ ಮತ್ತೆ ಉಣಿಸುತ್ತದೆ.

‘25 ಕೋಳಿಗೆ ಸಾಕು’ ಎಂಬ ಮಾರಾಟದ ಮಾತು ಅರ್ಧ ಸತ್ಯ. ಗೂಡಿನ ನೆಲ 24 ಚದರ ಅಡಿ. ಎಂಟು ವಾರದ ತನಕ ಮರಿಗೆ 1 ಚದರ ಅಡಿಯಂತೆ 24 ಹಿಡಿಯುತ್ತವೆ. ಹಗಲೂ ಒಳಗೇ ಇರುವ ಬಲಿತ ಕೋಳಿಗೆ 2 ಚದರ ಅಡಿ ಬೇಕು, ಹಾಗಾಗಿ ಹನ್ನೆರಡೇ. ಕ್ಯಾಟಲಾಗಿನ ಚಿತ್ರದಲ್ಲಿ ಮಾತ್ರ ಕೋಳಿಗಳು ಜಗಳವಾಡದೆ ಸಾಲಾಗಿ ಕೂರುತ್ತವೆ.

ಮಲೆನಾಡಿನ ಮಳೆಗೆ ಪಡುವಣ ಮತ್ತು ತೆಂಕಣ ಬದಿಗೆ ಟಾರ್ಪಾಲು ಬೇಕೇ ಬೇಕು. ಕೆಳಗಿನ ಎರಡಡಿ ಮುಚ್ಚಿ, ಮೇಲಿನ ಒಂದಡಿ ತೆರೆದಿಡಿ. ಪೂರ್ತಿ ಮುಚ್ಚಿದರೆ ಹಿಕ್ಕೆಯ ಅಮೋನಿಯಾ ಒಳಗೇ ನಿಂತು ಕಣ್ಣುರಿ, ಗೊರಗೊರ ಶುರುವಾಗುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ತಗಡು ಕಾದು ಮೇಲಿನ ಕೋಲಿನಲ್ಲಿ ಕೂತವು ಬಾಯಿ ತೆರೆದು ಏದುಸಿರು ಬಿಡುತ್ತವೆ. ನಾಲ್ಕು ಇಂಚು ದಪ್ಪ ಕಣಿಕೆಯೋ ತೆಂಗಿನ ಗರಿಯೋ ಮೇಲೆ ಹೊದೆಸಿದರೆ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ.

ಕೊನೆಗೆ ಕಾಲುಗಳು. ಪೈಪಿನ ಮೇಲೆ ಇರುವೆ ಸಾಲುಸಾಲಾಗಿ ಏರುತ್ತವೆ, ಸುಸ್ತಾದ ಮರಿಯನ್ನು ಬಿಡುವುದಿಲ್ಲ. ಪ್ರತಿ ಕಾಲನ್ನೂ ಹಳೇ ಎಂಜಿನ್ ಆಯಿಲ್ ಹಾಕಿದ ಡಬ್ಬಿಯಲ್ಲಿ ನಿಲ್ಲಿಸಿ, ಮಳೆನೀರು ತುಂಬದಂತೆ ಡಬ್ಬಿಗೆ ತಾಗದ ಹಾಗೆ ಕಾಲಿಗೆ ಕೊಡೆಯಂತೆ ಪ್ಲಾಸ್ಟಿಕ್ ಕಟ್ಟಿ. ತುಕ್ಕು ಮೊದಲು ಕಾಣುವುದು ವೆಲ್ಡಿಂಗ್ ಮಾಡಿದ ಕಡೆ, ಯಾಕೆಂದರೆ ಅಲ್ಲಿ ಸತುವಿನ ಲೇಪ ಸುಟ್ಟುಹೋಗಿರುತ್ತದೆ. ಜೋಡಿಸುವ ಮುಂಚೆಯೇ ಆ ಜಾಗಗಳಿಗೆ ಜಿಂಕ್ ಪೇಂಟ್ ಎರಡು ಕೋಟ್ ಹೊಡೆಯಿರಿ. ತಟ್ಟೆ ತೆಳುವಾದ ತಗಡು, ದಿನ ಬಿಟ್ಟು ದಿನ ಕೆರೆಯದಿದ್ದರೆ ಗೂಡಿನಲ್ಲಿ ಎಲ್ಲಕ್ಕಿಂತ ಮೊದಲು ತೂತಾಗುವುದು ಅದೇ. ಬಿಡಿಯಾಗಿ ತಟ್ಟೆ ಸಿಗುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿ, ಇಲ್ಲವಾದರೆ ಊರಿನ ತಗಡು ಕೆಲಸದವರಿಂದ ಒಂದು ಸೈಜು ದಪ್ಪದ್ದನ್ನು ಮಾಡಿಸಿಟ್ಟುಕೊಳ್ಳಿ.