ಎತ್ತರ 158, ಎತ್ತರ 163: ಜಿಮ್ ಪ್ಯಾಕೇಜಿಗೆ ಹಣ ಕಟ್ಟುವ ಮುನ್ನ ರಾಯಚೂರಿನವರು ಓದಬೇಕಾದದ್ದು

"90 ದಿನಗಳಲ್ಲಿ ಕೊಬ್ಬು ಕರಗಿಸಿ, ಸ್ನಾಯು ಬೆಳೆಸಿ" ಎಂಬ ಪ್ಯಾಕೇಜಿಗೆ ಹಣ ಕಟ್ಟಲು ಯೋಚಿಸುತ್ತಿರುವ ರಾಯಚೂರಿನವರು, ಅದರಲ್ಲೂ ನಲವತ್ತು ದಾಟಿದ ಹೆಣ್ಣುಮಕ್ಕಳು, ದುಡ್ಡು ಕೊಡುವ ಮೊದಲು ದಯವಿಟ್ಟು ಇದನ್ನು ಪೂರ್ತಿಯಾಗಿ ಓದಬೇಕೆಂದು ಕೋರುತ್ತೇನೆ. ನನ್ನಿಂದ 26,000 ರೂಪಾಯಿ ಹೋಗಿದೆ. ತರಬೇತಿಯ ಹೆಸರಿನಲ್ಲಿ 18,000, ಪ್ರೋಟೀನ್ ಪುಡಿಯೆಂದು ಹೇಳಿ ಕೊಟ್ಟ ಎರಡು ಡಬ್ಬಿಗಳಿಗೆ 8,000. ಯಾವುದಕ್ಕೂ ಬಿಲ್ ಇಲ್ಲ. ದೂರು ಇನ್ನೂ ಇತ್ಯರ್ಥವಾಗದ ಕಾರಣ ಜಿಮ್ಮಿನ ಹೆಸರನ್ನು ಬರೆಯುವುದಿಲ್ಲ. ಆದರೆ ಅಲ್ಲಿ ನಡೆದದ್ದನ್ನು ಬರೆಯದೆ ಸುಮ್ಮನಿರಲಾರೆ, ಏಕೆಂದರೆ ಇದೇ ಮಾತು, ಇದೇ ಯಂತ್ರ, ಇದೇ ಡಬ್ಬಿ ನಾಳೆ ನಿಮ್ಮ ಮುಂದೆಯೂ ಬರಬಹುದು.

ರಕ್ತದ ಸಕ್ಕರೆ ಗಡಿಯಲ್ಲಿದೆ, ಮೊಣಕಾಲು ನೋಯುತ್ತಿದೆ, ಆದ್ದರಿಂದ ಸ್ನಾಯು ಉಳಿಸಿಕೊಂಡು ತೂಕ ಇಳಿಸಬೇಕು ಎಂದು ವೈದ್ಯರು ಹೇಳಿದ್ದರು. ಅದನ್ನೇ ಜಿಮ್ಮಿನ ಮಾಲೀಕರಿಗೆ ಸ್ಪಷ್ಟವಾಗಿ ತಿಳಿಸಿದೆ. ಅವರು, "ಅಕ್ಕಾರ, ನೀವು ಚಿಂತಿ ಮಾಡಬ್ಯಾಡ್ರಿ, ನಿಮ್ಮ ಕೊಬ್ಬೆಲ್ಲಾ ಸ್ನಾಯು ಆಗಿ ಬದಲಾಗ್ತದ, ನಾ ಹೇಳೂದಲ್ಲ, ಮಷಿನ್ನೇ ತೋರಸ್ತದ" ಎಂದರು. ಕೊಬ್ಬು ಸ್ನಾಯುವಾಗಿ ಬದಲಾಗುವುದೇ ಇಲ್ಲ. ಅವೆರಡೂ ಬೇರೆ ಬೇರೆ ಅಂಗಾಂಶಗಳು. ಒಂದನ್ನು ಕರಗಿಸಬಹುದು, ಇನ್ನೊಂದನ್ನು ಬೆಳೆಸಬಹುದು, ಹೊಸದಾಗಿ ವ್ಯಾಯಾಮ ಆರಂಭಿಸಿದವರಲ್ಲಿ ಎರಡೂ ಒಟ್ಟಿಗೆ ನಡೆಯುವುದೂ ಉಂಟು. ಆದರೆ ಅದು ನಿಧಾನವಾಗಿ ನಡೆಯುವ ಕೆಲಸ, ತೂಕದ ಮುಳ್ಳು ಎಷ್ಟೋ ವಾರ ಅಲುಗಾಡದೆಯೂ ಇರಬಹುದು. ಈ ಮಾತನ್ನು ಹೇಳಿದರೆ ಪ್ಯಾಕೇಜು ಮಾರಾಟವಾಗುವುದಿಲ್ಲ, ಅಷ್ಟೆ.

ಕೊಟ್ಟ ಆಹಾರದ ಪಟ್ಟಿಯನ್ನು ಕೇಳಿ. ಜೋಳದ ರೊಟ್ಟಿ ಮುಟ್ಟಬಾರದು, ಅನ್ನ ಮುಟ್ಟಬಾರದು, ಶೇಂಗಾ ಚಟ್ನಿ ಮನೆಯಲ್ಲೇ ಇರಬಾರದು. ಬೆಳಿಗ್ಗೆ ಮತ್ತು ರಾತ್ರಿ ಊಟದ ಬದಲು ನೀರಿನಲ್ಲಿ ಕಲಸಿದ ಅವರ ಪುಡಿ, ಮಧ್ಯಾಹ್ನ ಸೌತೆಕಾಯಿ, ಗಜ್ಜರಿ, ಎರಡು ಮೊಟ್ಟೆಯ ಬಿಳಿಭಾಗ. ಒಟ್ಟು 800 ಕ್ಯಾಲೊರಿಯೂ ದಾಟುವುದಿಲ್ಲ. ವ್ಯಾಯಾಮವೆಂದರೆ ಟ್ರೆಡ್‌ಮಿಲ್ ಮೇಲೆ ಒಂದು ಗಂಟೆ ನಡಿಗೆ, ಅದೂ ಮೈಗೆ ಪ್ಲಾಸ್ಟಿಕ್ ಜಾಕೆಟ್ ಹಾಕಿಸಿ. ರಾಯಚೂರಿನಲ್ಲಿ, ಏಪ್ರಿಲ್ ತಿಂಗಳಲ್ಲಿ, ಹೊರಗೆ 40 ಡಿಗ್ರಿ ದಾಟಿರುವಾಗ ಪ್ಲಾಸ್ಟಿಕ್ ಜಾಕೆಟ್! ಬೆವರಿನಲ್ಲಿ ಹೋಗುವುದು ನೀರು, ಕೊಬ್ಬಲ್ಲ. ಎರಡು ಲೋಟ ನೀರು ಕುಡಿದರೆ ಆ ತೂಕ ಮರಳಿ ಬರುತ್ತದೆ. ತಲೆ ತಿರುಗಿ ಕುಳಿತಾಗ, "ಅದು ಟಾಕ್ಸಿನ್ ಹೊರಗ ಹೊಂಟದ್ರಿ" ಎಂಬ ಉತ್ತರ ಸಿಕ್ಕಿತು.

ಸ್ನಾಯು ಬೆಳೆಸುವುದಕ್ಕೆಂದೇ ಹಣ ಪಡೆದವರು ಭಾರ ಎತ್ತುವುದನ್ನು ಕಲಿಸಲಿಲ್ಲ. ಕೇಳಿದಾಗ ತರಬೇತುದಾರ ಹುಡುಗ ನಗುತ್ತಾ, "ಹೆಣ್ಮಕ್ಕಳು ವೇಟ್ ಎತ್ತಿದ್ರ ಗಂಡಸರಂಗ ಕಾಣ್ತಾರ್ರಿ ಮೇಡಂ" ಎಂದ. ಹಾಗಾದರೆ ಸ್ನಾಯು ಎಲ್ಲಿಂದ ಬರಬೇಕು? ಸ್ನಾಯುವಿಗೆ ಬೇಕಾದದ್ದು ಕ್ರಮೇಣ ಹೆಚ್ಚಿಸುತ್ತಾ ಹೋಗುವ ಭಾರ, ಸಾಕಷ್ಟು ಪ್ರೋಟೀನ್, ನಿದ್ದೆ, ಮತ್ತು ದೇಹ ಕಂಗೆಡದಷ್ಟು ಮಾತ್ರ ಊಟದ ಕಡಿತ, ಅಂದರೆ ದಿನಕ್ಕೆ ಮುನ್ನೂರರಿಂದ ಐನೂರು ಕ್ಯಾಲೊರಿಯಷ್ಟು. ಭಾರ ಎತ್ತದೆ, ಸಾಕಷ್ಟು ಪ್ರೋಟೀನ್ ತಿನ್ನದೆ, 800 ಕ್ಯಾಲೊರಿಯೊಳಗೆ ಬದುಕಿದರೆ ದೇಹವು ಕೊಬ್ಬಿನ ಜೊತೆ ಸ್ನಾಯುವನ್ನೂ ಒಡೆದು ಬಳಸಿಕೊಳ್ಳುತ್ತದೆ. ನನಗೆ ಆದದ್ದು ಅದೇ. ಮೊದಲ ವಾರ ನಾನಾಗಿಯೇ ಎತ್ತಿ ನೋಡಿದ್ದ 5 ಕೆ.ಜಿ. ಡಂಬೆಲ್ ಕೊನೆಕೊನೆಗೆ ಭುಜದ ಮಟ್ಟಕ್ಕೂ ಏಳುತ್ತಿರಲಿಲ್ಲ. ಗ್ಯಾಸ್ ಸಿಲಿಂಡರ್ ಸರಿಸಲು ಮಗನನ್ನು ಕರೆಯುವಂತಾಯಿತು.

ಹೀಗಿರುವಾಗ ತಿಂಗಳ ಕೊನೆಗೆ ಮೈಯ ಕೊಬ್ಬು, ಸ್ನಾಯುಗಳ ಲೆಕ್ಕ ಕೊಡುವ ಯಂತ್ರದ ಮೇಲೆ ನಿಲ್ಲಿಸಿ, ಅದರಿಂದ ಬಂದ ಚೀಟಿಯನ್ನು ಹರಿದು ಕೈಗಿಟ್ಟರು. ತೂಕ 4 ಕೆ.ಜಿ. ಇಳಿದಿದೆ, ಸ್ನಾಯು 2 ಕೆ.ಜಿ. ಏರಿದೆ! ಮಾಲೀಕರು ಎಲ್ಲರೆದುರು ಚಪ್ಪಾಳೆ ತಟ್ಟಿಸಿದರು. ನನ್ನ ಫೋಟೊ ತೆಗೆದರು. ನಾನೂ ನಕ್ಕು ನಿಂತಿದ್ದೆ, ಆ ಫೋಟೊ ನೆನಪಾದಾಗಲೆಲ್ಲ ಈಗಲೂ ಮುಖ ಬಿಸಿಯಾಗುತ್ತದೆ.

ಮರುದಿನ ಕಚೇರಿಯಲ್ಲಿ ತಿಂಗಳ ಹಿಂದೆ ಅದೇ ಯಂತ್ರದಿಂದ ಬಂದಿದ್ದ ಹಳೆಯ ಚೀಟಿಯನ್ನೂ ಹೊಸ ಚೀಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ನಾನು ಲೆಕ್ಕಪತ್ರ ವಿಭಾಗದಲ್ಲಿ ವೋಚರ್ ತಪಾಸಣೆ ಮಾಡುವವಳು. ಅಂಕಿಗಳನ್ನು ಮೇಲಿನಿಂದ ಓದುವುದು ಅಭ್ಯಾಸ. ಮೊದಲ ಚೀಟಿಯ ತಲೆಯಲ್ಲಿ ಎತ್ತರ 158 ಸೆಂ.ಮೀ. ಎಂದಿದೆ. ಎರಡನೆಯದರಲ್ಲಿ 163. ಒಂದೇ ತಿಂಗಳಲ್ಲಿ, ಈ ವಯಸ್ಸಿನಲ್ಲಿ, ನಾನು 5 ಸೆಂ.ಮೀ. ಬೆಳೆದಿದ್ದೇನೆ. ಕೆಲಹೊತ್ತು ಟೈಪಿಂಗ್ ದೋಷವಿರಬೇಕೆಂದೇ ಅಂದುಕೊಂಡೆ. ಆಮೇಲೆ ಆ ಯಂತ್ರ ಕೆಲಸ ಮಾಡುವ ಬಗೆಯನ್ನು ಓದಿದಾಗ ಎಲ್ಲವೂ ಅರ್ಥವಾಯಿತು. ಅದು ಸ್ನಾಯುವನ್ನು ನೇರವಾಗಿ ತೂಗುವುದಿಲ್ಲ. ಅಂಗಾಲು, ಅಂಗೈಗಳ ಮೂಲಕ ಅತಿ ಸಣ್ಣ ವಿದ್ಯುತ್ತನ್ನು ಹರಿಸಿ, ಅದಕ್ಕೆ ಮೈ ಒಡ್ಡುವ ತಡೆಯನ್ನು ಅಳೆಯುತ್ತದೆ. ಮಿಕ್ಕದ್ದೆಲ್ಲ ಎತ್ತರ, ತೂಕ, ವಯಸ್ಸು, ಲಿಂಗ ಸೇರಿಸಿ ಮಾಡಿದ ಲೆಕ್ಕಾಚಾರ. ಎತ್ತರವನ್ನು ಹೆಚ್ಚಿಸಿ ಟೈಪ್ ಮಾಡಿದರೆ, ಅದೇ ತಡೆಗೆ ಯಂತ್ರವು ಹೆಚ್ಚು ಸ್ನಾಯು, ಕಡಿಮೆ ಕೊಬ್ಬು ಎಂದು ಬರೆದುಕೊಡುತ್ತದೆ. ಮೈಯಲ್ಲಿರುವ ನೀರಿನ ಪ್ರಮಾಣ ಬದಲಾದರೂ ಅಂಕಿ ಏರುಪೇರಾಗುತ್ತದೆ, ಆ ಮಾತು ಬೇರೆ. ಇಲ್ಲಿ ಬದಲಾದದ್ದು ನೀರಲ್ಲ. ಎತ್ತರ. 158 ಇದ್ದದ್ದು 163.

ಸಂಜೆಯೇ ಹೋಗಿ ಎರಡೂ ಚೀಟಿಗಳನ್ನು ಮೇಜಿನ ಮೇಲೆ ಇಟ್ಟೆ. ಮಾಲೀಕರು ಒಂದು ಕ್ಷಣ ನೋಡಿ ಹೇಳಿದ್ದು ಇಷ್ಟು: "ವ್ಯಾಯಾಮ ಮಾಡಿದ್ರ ಬೆನ್ನು ನೆಟ್ಟಗ ಆಗ್ತದ ಮೇಡಂ, ಎತ್ತರ ಹೆಚ್ಚಾಗೂದು ನಾರ್ಮಲ್." ಮತ್ತೊಮ್ಮೆ ಓದಿ. ಎತ್ತರ ಹೆಚ್ಚಾಗುವುದು ನಾರ್ಮಲ್. ಸರಿ, ಗೋಡೆಗೆ ನಿಲ್ಲಿಸಿ ಟೇಪು ಹಿಡಿಯಿರಿ, 158 ಹಾಕಿ ಈಗಲೇ ಅಳೆಯಿರಿ ಎಂದೆ. "ಮಷಿನ್ ಅಪ್‌ಡೇಟ್ ನಡದದ, ನಾಳೆ ಬರ್ರಿ" ಎಂದರು. ಪಕ್ಕದಲ್ಲೇ ಬೇರೊಬ್ಬ ಹುಡುಗ ಅದರ ಮೇಲೆ ನಿಂತು ಚೀಟಿ ತೆಗೆದುಕೊಳ್ಳುತ್ತಿದ್ದ. ಹಣ ಮರಳಿಸಿ ಎಂದು ವಾಟ್ಸಾಪಿನಲ್ಲಿ ಬರೆದಾಗ, ನಾನು ಹಣ ಕಟ್ಟಿದ ಮೇಲೆ ಸಹಿ ಹಾಕಿಸಿಕೊಂಡ ಅರ್ಜಿಯ ಫೋಟೊ ಬಂತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ನೋ ರೀಫಂಡ್. ಜೊತೆಗೆ ಒಂದು ಸಾಲು: "ರಿಸಲ್ಟ್ ನಿಮ್ಮ ಡೆಡಿಕೇಶನ್ ಮ್ಯಾಲ ಅದ ಮೇಡಂ." ಅದಾದ ಮೇಲೆ ಕೈಮುಗಿದ ಚಿತ್ರ.

ಇನ್ನು ಡಬ್ಬಿಯ ವಿಷಯ. ಹೊರಗೆ ಉಬ್ಬಿದ ತೋಳಿನ ಚಿತ್ರ, ಹಿಂದೆ ಸಣ್ಣ ಅಕ್ಷರದ ಪಟ್ಟಿ: 30 ಗ್ರಾಂ ಪುಡಿಯಲ್ಲಿ 8 ಗ್ರಾಂ ಪ್ರೋಟೀನ್. ಮಿಕ್ಕದ್ದು ಬಹುಪಾಲು ಮಾಲ್ಟೊಡೆಕ್ಸ್‌ಟ್ರಿನ್ (ರಕ್ತದ ಸಕ್ಕರೆಯನ್ನು ಬೇಗ ಏರಿಸುವ ಪಿಷ್ಟದ ಪುಡಿ), ಸಕ್ಕರೆ, ಪರಿಮಳ. ಗಡಿಯಲ್ಲಿ ಸಕ್ಕರೆ ಇರುವವಳಿಗೆ! ಆಹಾರ ಪದಾರ್ಥದ ಮೇಲೆ ಇರಲೇಬೇಕಾದ 14 ಅಂಕಿಯ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಸಂಖ್ಯೆ ಎಲ್ಲಿಯೂ ಇಲ್ಲ. ಕೇಳಿದರೆ "ಇಂಪೋರ್ಟೆಡ್ ಮಾಲು" ಎಂದರು. ಹೊರದೇಶದಿಂದ ತಂದು ಮಾರುವವರಿಗೂ ಆ ಪರವಾನಗಿ ಬೇಕು. ಭಾರ ಎತ್ತುತ್ತಾ ತೂಕ ಇಳಿಸುವವರಿಗೆ ದೇಹದ ತೂಕದ ಪ್ರತಿ ಕೆ.ಜಿ.ಗೆ ಸುಮಾರು 1.6 ಗ್ರಾಂ ಪ್ರೋಟೀನ್ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ, ಎಪ್ಪತ್ತು ಕೆ.ಜಿ.ಯವರಿಗೆ ನೂರು ಗ್ರಾಂ ಮೇಲೆ ಬಂತು. ಅವರ ಪಟ್ಟಿಯಲ್ಲಿ ನನಗೆ ಸಿಕ್ಕಿದ್ದು ಮೂವತ್ತೂ ದಾಟುವುದಿಲ್ಲ. ಆದರೆ ನೂರು ಗ್ರಾಂ ಸೋಯಾ ಚಂಕ್ಸ್‌ನಲ್ಲಿ ಐವತ್ತು ಗ್ರಾಂ, ನೂರು ಗ್ರಾಂ ಹೆಸರುಬೇಳೆಯಲ್ಲಿ ಇಪ್ಪತ್ತನಾಲ್ಕು, ಒಂದು ಇಡೀ ಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನ್ ಇದೆ. ಮನೆಯಿಂದ ಹೊರಹಾಕಿಸಿದ ಶೇಂಗಾದಲ್ಲೂ ನೂರಕ್ಕೆ ಇಪ್ಪತ್ತೈದು ಗ್ರಾಂ ಇದೆ. ಕ್ಯಾಲೊರಿ ಹೆಚ್ಚು, ಆದ್ದರಿಂದ ಅಳತೆಯಲ್ಲಿ ತಿನ್ನಬೇಕು. 4,000 ರೂಪಾಯಿಯ ಡಬ್ಬಿಗಿಂತ ನಮ್ಮ ಕಿರಾಣಿ ಅಂಗಡಿಯವರು ಪ್ರಾಮಾಣಿಕರು.

ನಾಚಿಕೆಯ ಸಂಗತಿ ಇನ್ನೂ ಇದೆ. ನನ್ನ ಚೀಟಿಯನ್ನು ನೋಡಿ ನಮ್ಮ ಕಚೇರಿಯ ಇಬ್ಬರು ಸಹೋದ್ಯೋಗಿಗಳೂ ಅಲ್ಲಿ ಹಣ ಕಟ್ಟಿದ್ದಾರೆ. ಜಿಮ್ಮಿನವರು ನನ್ನ ಫೋಟೊವನ್ನು, ನನ್ನನ್ನು ಒಂದು ಮಾತೂ ಕೇಳದೆ, ಆ 2 ಕೆ.ಜಿ. ಸ್ನಾಯುವಿನ ಸುಳ್ಳಿನ ಜೊತೆ ಫ್ಲೆಕ್ಸ್ ಮಾಡಿಸಿ ಬಾಗಿಲಿಗೆ ಕಟ್ಟಿದ್ದಾರೆ. ತೆಗೆಯಿರಿ ಎಂದರೆ, "ನಿಮಗ ಹೆಸರು ಬಂತಲ್ರಿ ಮೇಡಂ" ಎನ್ನುತ್ತಾರೆ.

ಹೋಗಲೇಬೇಕೆಂದಿದ್ದರೆ ಬಿಲ್ ಕೊಡದ ಕಡೆ ಒಂದು ರೂಪಾಯಿಯನ್ನೂ ಕೊಡಬೇಡಿ, ತಿಂಗಳಿಗಿಂತ ಹೆಚ್ಚಿನ ಹಣವನ್ನು ಮುಂಗಡ ಕಟ್ಟಬೇಡಿ, ಅವರು ಮಾರುವ ಡಬ್ಬಿಯನ್ನು ಮುಟ್ಟಬೇಡಿ, ಚೀಟಿಯ ತಲೆಯಲ್ಲಿರುವ ಎತ್ತರವನ್ನು ಮೊದಲು ಓದಿ. ಸ್ನಾಯು ಹೆಚ್ಚಿದೆಯೋ ಇಲ್ಲವೋ ಎಂಬುದನ್ನು ನೀವು ಎತ್ತುವ ಭಾರ ಹೇಳುತ್ತದೆ, ಕೊಬ್ಬು ಇಳಿದಿದೆಯೋ ಇಲ್ಲವೋ ಎಂಬುದನ್ನು ಸೊಂಟಕ್ಕೆ ಹಿಡಿದ ಟೇಪು ಹೇಳುತ್ತದೆ. ಈಗಾಗಲೇ ಮೋಸ ಹೋದವರು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ. ನೋ ರೀಫಂಡ್ ಎಂದು ಅಚ್ಚು ಹಾಕಿದ ಮಾತ್ರಕ್ಕೆ ಎಲ್ಲ ಮುಗಿಯುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರುವುದೂ, ಲೋಪದ ಸೇವೆಗೆ ಹಣ ಮರಳಿಸಲು ನಿರಾಕರಿಸುವುದೂ ಅನುಚಿತ ವ್ಯಾಪಾರ ಪದ್ಧತಿಯೇ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು.

ನಾನು ಎರಡು ಚೀಟಿ, ಡಬ್ಬಿಯ ಫೋಟೊ, ಯುಪಿಐ ಪಾವತಿಯ ದಾಖಲೆ, ವಾಟ್ಸಾಪ್ ಉತ್ತರಗಳು, ಎಲ್ಲವನ್ನೂ ಲಗತ್ತಿಸಿ ದೂರು ಕೊಟ್ಟಿದ್ದೇನೆ. ಅದು ತಿಳಿದ ಮೇಲೆ ನಿನ್ನೆ ಮಾಲೀಕರ ಸಂದೇಶ ಬಂದಿದೆ: "ಅಕ್ಕಾರ, ಕಂಪ್ಲೇಂಟ್ ವಾಪಸ್ ತಗೋರಿ, ಇನ್ನೂ ಮೂರು ತಿಂಗಳು ಫ್ರೀ ಕೊಡ್ತೀನಿ." ನನಗೆ ಫ್ರೀ ಬೇಡ. 26,000 ರೂಪಾಯಿ ಖಾತೆಗೆ ಬರಬೇಕು, ನನ್ನ ಇಬ್ಬರು ಸಹೋದ್ಯೋಗಿಗಳ ಹಣವೂ ಬರಬೇಕು, ಆ ಫ್ಲೆಕ್ಸ್ ಇಳಿಯಬೇಕು. ಇದನ್ನೇ ಬರೆದು ಕಳುಹಿಸಿದ್ದೇನೆ. ಅವರು ಓದಿದ್ದಾರೆ, ಉತ್ತರ ಬಂದಿಲ್ಲ.